ಘಟ್ಟದ ಕೆಳಗೊಂದು ಮನೆ



ಕಳೆದ ಒಂದೆರಡು ವರ್ಷಗಳಿಂದ ಸಂಘದ ಕಛೇರಿಗೆ ಬರುವವರಲ್ಲಿ ಗೊಬ್ಬರ, ಸುಣ್ಣ, ಮೈಲುತುತ್ತದ ಮಾತು ಮುಗಿದ ಮೇಲೆ ಇನ್ನೊಂದು ಮಾತು ತಪ್ಪದೆ ಬರುತ್ತಿದೆ: “ಕುಂದಾಪುರದ ಕಡೆ ಹತ್ತು ಸೆಂಟ್ಸ್ ಜಾಗ ನೋಡಿ ಬಂದೆವು, ಹೇಗೆ?” 2024ರಲ್ಲಿ ರೋಬಸ್ಟಾ ಧಾರಣೆ ಹಿಂದೆಂದೂ ಕಾಣದಷ್ಟು ಏರಿ ಕೈಯಲ್ಲಿ ನಾಲ್ಕು ಕಾಸು ಉಳಿದದ್ದೇ ಇದಕ್ಕೆ ಕಾರಣವೆಂದು ಬೇರೆ ಹೇಳಬೇಕಿಲ್ಲ. ಮಕ್ಕಳ ಓದು, ಹತ್ತಿರದಲ್ಲೇ ದೊಡ್ಡಾಸ್ಪತ್ರೆ, ಕೊಂಕಣ ರೈಲು, ವಯಸ್ಸಾದ ಮೇಲೆ ಜಿಗಣೆಯಿಲ್ಲದ ಅಂಗಳ, ಇವೆಲ್ಲ ನ್ಯಾಯವಾದ ಆಸೆಗಳೇ. ಆದರೆ ಜನವರಿಯಲ್ಲಿ ಕಂಡ ಜಾಗಕ್ಕೆ ಜನವರಿಯಲ್ಲೇ ಮುಂಗಡ ಕೊಡುವುದನ್ನು ನಾವು ಒಪ್ಪಲಾರೆವು.

ಇದಕ್ಕೆ ನಮ್ಮದೇ ಅನುಭವವಿದೆ. 2012ರಲ್ಲಿ ಕುಂದಾಪುರಕ್ಕೆ ಉತ್ತರದ ಒಂದು ಹಳ್ಳಿಯಲ್ಲಿ, ಕಡಲಿಗೆ ಕೂಗಳತೆಯಲ್ಲಿ, ಹನ್ನೆರಡು ಸೆಂಟ್ಸ್ ಕೊಂಡೆವು. ನಮ್ಮ ಲೆಕ್ಕದಲ್ಲಿ ಐದು ಗುಂಟೆಗೆ ಸ್ವಲ್ಪ ಕಡಿಮೆ. ಕ್ರಯಪತ್ರ ಸರಿಯಿತ್ತು, ಋಣಭಾರ ಪತ್ರ ಸರಿಯಿತ್ತು, ತೆಂಗಿನ ಮರಗಳೂ ಚೆನ್ನಾಗಿದ್ದವು. ಮನೆ ಕಟ್ಟಲು ಪರವಾನಗಿ ಕೇಳಿದಾಗ ತಿಳಿಯಿತು, ಜಾಗ ಸಮುದ್ರದ ಉಬ್ಬರ ಮುಟ್ಟುವ ಗೆರೆಯಿಂದ 200 ಮೀಟರಿನೊಳಗಿದೆ, ನಮಗೆ ಅಲ್ಲಿ ಮನೆ ಕಟ್ಟಲು ಅವಕಾಶವಿಲ್ಲ ಎಂದು. ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದಲೇ ಇತ್ತು. ದಲ್ಲಾಳಿ ಹೇಳಲಿಲ್ಲ, ಪದವಿ ಓದಿದ ನಾವೂ ಕೇಳಲಿಲ್ಲ. 2019ರ ಅಧಿಸೂಚನೆಯಲ್ಲಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಪ್ರದೇಶಗಳಿಗೆ ಈ ಅಂತರವನ್ನು 50 ಮೀಟರಿಗೆ ಇಳಿಸಿದರು. ಉಳಿದ ಹಳ್ಳಿಗಳಿಗೆ 200 ಮೀಟರೇ ಉಳಿಯಿತು. ಪಕ್ಕದಲ್ಲಿ ಮೀನುಗಾರರ ಹೊಸ ಮನೆ ಎದ್ದದ್ದನ್ನು ನೋಡಿ ನಮಗೂ ಆದೀತು ಎಂದು ತಿಳಿಯಬೇಡಿ. 100ರಿಂದ 200 ಮೀಟರಿನ ನಡುವೆ ವಾಸದ ಮನೆಗೆ ಅವಕಾಶವಿರುವುದು ಅಲ್ಲಿಯೇ ಬಾಳಿಬಂದ ಕಡಲ ಮಕ್ಕಳಿಗೆ. ಘಟ್ಟ ಇಳಿದು ಬಂದವರಿಗಲ್ಲ. ಅದು ನ್ಯಾಯವೇ ಎಂಬುದು ನಮ್ಮ ಎಣಿಕೆ. ಉಬ್ಬರದ ನೀರು ಏರುವ ಹೊಳೆಯ ದಂಡೆಗೂ ಇಂಥ ನಿಯಮವುಂಟು.

ಕಾಗದಪತ್ರಗಳಲ್ಲಿಯೂ ನಮಗೆ ಪರಿಚಯವಿಲ್ಲದ ಪದಗಳು ಬರುತ್ತವೆ. ಮೂಲಗೇಣಿ ಎಂದರೆ ಶಾಶ್ವತ ಗೇಣಿ, ಒಡೆಯ ಬೇರೆ. ಗೇಣಿದಾರರಿಗೆ ಒಡೆತನ ಕೊಡುವ ಕಾಯ್ದೆ 2011ರಲ್ಲಿ ಆಗಿದ್ದರೂ, ಮಾರುವವರ ಕೈಗೆ ಆ ಒಡೆತನ ಬಂದಿದೆಯೇ ಎಂದು ನೋಡಿಕೊಳ್ಳಬೇಕು. ಇನ್ನು ಕುಮ್ಕಿ. ವರ್ಗ ಜಾಗದ ಸುತ್ತಲಿನ ಕುಮ್ಕಿಯನ್ನೂ ಸೇರಿಸಿ ಬೇಲಿ ತೋರಿಸುವವರಿದ್ದಾರೆ. ಅದು ನಮ್ಮ ಸೊಪ್ಪಿನಬೆಟ್ಟವಿದ್ದ ಹಾಗೆ. ಸೊಪ್ಪು ಸೌದೆಯ ಸವಲತ್ತುಂಟು, ಜಾಗ ಸರ್ಕಾರದ್ದು. ಭೂಪರಿವರ್ತನೆ ಆದೇಶವನ್ನೂ ಪಂಚಾಯಿತಿಯ 9 ಮತ್ತು 11ರ ನಮೂನೆಗಳನ್ನೂ ಅಲ್ಲಿಯದೇ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ.

ಬಾವಿಯ ನೀರನ್ನು ಏಪ್ರಿಲ್ ಕೊನೆಗೆ ಹೋಗಿ ಕುಡಿದು ನೋಡಿ. ಮಳೆಗಾಲ ಮುಗಿದಾಗ ಸಿಹಿಯಿದ್ದದ್ದು ಆಗ ಉಪ್ಪಾಗಿರಬಹುದು. ಬೀಗ ಹಾಕಿದ ಮನೆಯ ಸರಳು, ಕೊಂಡಿ, ಚಿಲಕಗಳನ್ನು ಉಪ್ಪುಗಾಳಿ ಹೇಗೆ ತಿನ್ನುತ್ತದೆಂಬುದನ್ನು ಕಂಡವರೇ ಬಲ್ಲರು.

ಇಷ್ಟಾದರೂ ನಮ್ಮನ್ನು ಹೆಚ್ಚು ಕಾಡುವುದು ತೋಟದ ಚಿಂತೆ. ಅಡಿಕೆಗೆ ಮೊದಲ ಬೋರ್ಡೋ ಹೊಡೆಯುವ ಹೊತ್ತಿಗೆ ಯಜಮಾನರು ಇಲ್ಲಿರಬೇಕು. ಎಲೆಚುಕ್ಕಿ ರೋಗ ಹಬ್ಬಿರುವ ಈ ಕಾಲದಲ್ಲಿ ಒಬ್ಬರ ತೋಟ ಹಾಳುಬಿದ್ದರೆ ಪಕ್ಕದ ನಾಲ್ವರಿಗೆ ಸಂಕಟ. ಜುಲೈಯಲ್ಲಿ ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿದರೆ ಕೆಳಗಿದ್ದವರು ಕೆಳಗೇ. ಬೆಳೆಸಾಲವೆಂದು ಪಡೆದ ಹಣ ಘಟ್ಟ ಇಳಿದದ್ದೂ ಸಂಘದ ಲೆಕ್ಕ ಬರೆಯುವ ನಮಗೆ ತಿಳಿಯದ್ದಲ್ಲ. 2001-02ರಲ್ಲಿ ಕಾಫಿ ಧಾರಣೆ ನೆಲ ಕಚ್ಚಿದಾಗ ಯಾರ್ಯಾರ ಪಹಣಿಯಲ್ಲಿ ಸಾಲದ ನಮೂದು ಎಷ್ಟು ವರ್ಷ ಉಳಿಯಿತೆಂಬುದನ್ನು ಹಿರಿಯರು ಮರೆತಿರಲಾರರು.

ಹೋಗಲೇಬೇಕೆಂದರೆ ಮೊದಲು ಬಾಡಿಗೆಗೆ ಹೋಗಿ. ಕಡಲ ದಂಡೆಗಲ್ಲ, ಬಸ್ಸು, ಔಷಧದಂಗಡಿ ಹತ್ತಿರವಿರುವ ಪೇಟೆಗೆ. ನಮ್ಮ ಹಿರಿಯ ಸದಸ್ಯರೊಬ್ಬರು ಪತ್ನಿಯೊಡನೆ ಕುಂದಾಪುರ ಪೇಟೆಯಲ್ಲಿ ಹನ್ನೊಂದು ತಿಂಗಳು ಬಾಡಿಗೆಗಿದ್ದು ನೋಡಿದರು. ಅವರ ಮನೆಯವರಿಗೆ ಊರು ಒಗ್ಗಿತು, ಇವರಿಗೆ ಸೆಖೆ ಒಗ್ಗಲಿಲ್ಲ. ಮೊಮ್ಮಗನ ಓದು ಮುಗಿಯುವವರೆಗೆ ಬಾಡಿಗೆಯೇ ಸಾಕೆಂದು ತೀರ್ಮಾನಿಸಿ, ಜಾಗಕ್ಕೆಂದು ಇಟ್ಟ ಹಣದಲ್ಲಿ ಸ್ವಲ್ಪ ತೆಗೆದು ಕಾಫಿ ಕಣಕ್ಕೆ ಸಿಮೆಂಟು ಹಾಕಿಸಿದರು.

ನಮ್ಮ ಹನ್ನೆರಡು ಸೆಂಟ್ಸ್ ಈಗಲೂ ನಮ್ಮ ಹೆಸರಿನಲ್ಲೇ ಇದೆ. ತೆಂಗಿನಕಾಯಿಯನ್ನು ಪಕ್ಕದ ಮನೆಯವರು ಕೊಯ್ಯುತ್ತಾರೆ. ವರ್ಷಕ್ಕೊಮ್ಮೆ ಹೋದಾಗ ನಾಲ್ಕು ಎಳನೀರು ಕೆತ್ತಿಕೊಡುತ್ತಾರೆ.