ಪೆಡಲ್ ಜಗಳಕ್ಕೆ ನಲವತ್ತು ವರ್ಷ

ಫ್ರಾನ್ಸಿನ ಲುಕ್ ಕಂಪನಿಯ ಕಸುಬು ಹಿಮದ ಮೇಲಿನ ಆಟದ್ದು. ಸ್ಕೀ ಹಲಗೆಗೆ ಬೂಟು ಕಚ್ಚಿಸುವ, ಬಿದ್ದಾಗ ತಾನಾಗಿ ಬಿಡಿಸುವ ಕೀಲುಗಳನ್ನು ಅದು ಮಾಡುತ್ತಿತ್ತು. ಅದೇ ತಂತ್ರವನ್ನು 1984ರಲ್ಲಿ ಸೈಕಲ್ ಪೆಡಲಿಗೆ ಇಳಿಸಿತು. ಮರುವರ್ಷ ಬರ್ನಾರ್ ಇನೋ ಆ ಪೆಡಲ್ ತುಳಿದು ತಮ್ಮ ಐದನೆಯ ಟೂರ್ ಡಿ ಫ್ರಾನ್ಸ್ ಗೆದ್ದರು. ಅದುವರೆಗೆ ಪಾದವನ್ನು ತೊಗಲಿನ ಪಟ್ಟಿಯಿಂದ ಪೆಡಲಿಗೆ ಬಿಗಿದುಕೊಳ್ಳುತ್ತಿದ್ದ ರಸ್ತೆ ಸವಾರರು ಕೆಲವೇ ವರ್ಷಗಳಲ್ಲಿ ಪಟ್ಟಿ ಬಿಚ್ಚಿ ಎಸೆದರು. ರಸ್ತೆಯ ಮಟ್ಟಿಗೆ ವಾದ ಅಲ್ಲಿಗೇ ಮುಗಿಯಿತು. ಬೆಟ್ಟದಲ್ಲಿ ಅದು ಇನ್ನೂ ಮುಗಿದಿಲ್ಲ. ಶೂ ಅಡಿಯ ಕ್ಲೀಟನ್ನು ಕಚ್ಚಿ ಹಿಡಿಯುವ ಕ್ಲಿಪ್‌ಲೆಸ್ ಪೆಡಲ್ ಮೇಲೋ, ಬರೀ ಪಿನ್ನುಗಳ ಮೇಲೆ ಪಾದ ಊರುವ ಫ್ಲ್ಯಾಟ್ ಪೆಡಲ್ ಮೇಲೋ ಎಂದು ಮೌಂಟನ್ ಬೈಕ್ ಹತ್ತಿದವರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ. ಉತ್ತರ ಹೇಳುವವರು ಸಾಮಾನ್ಯವಾಗಿ ತಾವು ತುಳಿಯುವ ಪೆಡಲನ್ನೇ ಹೊಗಳುತ್ತಾರೆ.

ನಾಲ್ಕು ದಶಕಗಳನ್ನು ತಿರುಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಜಗಳ ನಡೆದದ್ದೆಲ್ಲ ಪೆಡಲಿನ ಹೆಸರಲ್ಲಿ, ಆದರೆ ಪ್ರತಿ ತಿರುವಿನಲ್ಲೂ ತೀರ್ಪು ಕೊಟ್ಟದ್ದು ಶೂವಿನ ಅಡಿಭಾಗ.

ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ರೀಪ್ಯಾಕ್ ಎಂಬ ಇಳಿಜಾರಿನ ಓಟ ಶುರುವಾದಾಗ ಯಾರೂ ಪೆಡಲಿನ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಹಳೆಯ ದಪ್ಪ ಟಯರಿನ ಸೈಕಲ್ಲು, ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಂದು ಇಳಿತ ಮುಗಿಯುವಷ್ಟರಲ್ಲಿ ಹಬ್‌ನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಅಲ್ಲಿ ಇಳಿಯುತ್ತಿದ್ದ ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಮುಂತಾದವರ ಚಿಂತೆಯೆಲ್ಲ ಬ್ರೇಕಿನದು, ಫ್ರೇಮಿನದು. ಮುಂದೆ ಇದು ಪಂದ್ಯವಾಗಿ ಬೆಳೆದಾಗ ಏರು ಹತ್ತುವವರು ರಸ್ತೆ ಸೈಕಲ್ಲಿನ ಟೋ ಕ್ಲಿಪ್ಪು, ಪಟ್ಟಿಗಳನ್ನೇ ಎರವಲು ತಂದರು. ಬಿದ್ದರೆ ಕಾಲು ಬಿಡಿಸಿಕೊಳ್ಳುವಷ್ಟು ಹೊತ್ತು ಬೆಟ್ಟ ಕೊಡುವುದಿಲ್ಲ ಎಂಬುದು ಗೊತ್ತಿದ್ದೂ ತಂದರು.

ಲುಕ್‌ನ ಪೆಡಲ್ ಇವರಿಗೆ ಯಾಕೆ ಒದಗಲಿಲ್ಲ? ಅದರ ಕ್ಲೀಟ್ ದೊಡ್ಡದು, ಪ್ಲಾಸ್ಟಿಕ್ಕಿನದು, ಶೂ ಅಡಿಯಿಂದ ಹೊರಗೆ ಚಾಚಿಕೊಂಡಿರುವಂಥದ್ದು. ಅದನ್ನು ತೊಟ್ಟು ಟಾರು ರಸ್ತೆಯಲ್ಲಿ ನಡೆಯುವುದೇ ಕಷ್ಟ. ಕೆಸರಿನಲ್ಲಿ ಸೈಕಲ್ ಹೆಗಲಿಗೇರಿಸಿ ಬಂಡೆ ಹತ್ತುವವನಿಗೆ ಅದು ದಂಡ. ಶಿಮಾನೊ ಕಂಪನಿಯ ಎಂಜಿನಿಯರುಗಳಿಗೆ ಇದು ಅರ್ಥವಾಗಿತ್ತು. 1990ರಲ್ಲಿ ಬಂದ ಅವರ ಎಸ್‌ಪಿಡಿ ಪೆಡಲಿನ ಜಾಣತನ ಪೆಡಲಿನೊಳಗಿನ ಸ್ಪ್ರಿಂಗಿನಲ್ಲಿ ಇದ್ದಿರಬಹುದು, ಆದರೆ ಗೆದ್ದದ್ದು ಶೂ. ಎರಡು ಬೋಲ್ಟಿನಲ್ಲಿ ಕೂರುವ ಪುಟ್ಟ ಉಕ್ಕಿನ ಕ್ಲೀಟು, ಅದು ಅಡಗುವಂತೆ ಅಡಿಭಾಗದಲ್ಲೊಂದು ಗುಳಿ, ಸುತ್ತ ನೆಲ ಹಿಡಿಯುವ ರಬ್ಬರು. ಇಳಿದು ನಡೆಯಬಹುದು, ಓಡಬಹುದು, ಮತ್ತೆ ಹತ್ತಿ ಟಕ್ಕೆಂದು ಕಚ್ಚಿಸಬಹುದು. ಬೇರೆ ಕಂಪನಿಗಳು ತಮ್ಮದೇ ಕಚ್ಚುವ ವಿಧಾನಗಳನ್ನು ತಂದವು, ಆದರೆ ಶೂ ಅಡಿಯ ಆ ಎರಡು ಬೋಲ್ಟಿನ ಅಳತೆ ಮಾತ್ರ ಇಂದಿಗೂ ಬದಲಾಗಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮೌಂಟನ್ ಬೈಕ್ ಕಾಲಿಟ್ಟ ಹೊತ್ತಿಗೆ ಕ್ರಾಸ್ ಕಂಟ್ರಿ ಓಟದಲ್ಲಿ ಕ್ಲಿಪ್‌ಲೆಸ್ ಪ್ರಶ್ನಾತೀತವಾಗಿತ್ತು. ಆ ಆಟದಲ್ಲಿ ಅದು ಈಗಲೂ ಹಾಗೆಯೇ ಇದೆ, ಇರಬೇಕಾದದ್ದೂ ಹಾಗೆಯೇ.

ಕ್ಲಿಪ್‌ಲೆಸ್ ಮಾರಾಟವಾದದ್ದು ಮಾತ್ರ ಬೇರೊಂದು ಮಾತಿನ ಬಲದ ಮೇಲೆ: ಕಾಲು ಅಂಟಿಕೊಂಡಿದ್ದರೆ ಕೆಳಕ್ಕೆ ತುಳಿಯುವುದರ ಜೊತೆಗೆ ಮೇಲಕ್ಕೂ ಎಳೆಯಬಹುದು, ಆದ್ದರಿಂದ ಬಲ ಇಮ್ಮಡಿ. ಸೈಕಲ್ ಅಂಗಡಿಗಳಲ್ಲಿ ಇದು ಎಷ್ಟು ಸಲ ಹೇಳಿದ ಮಾತೆಂದರೆ ಯಾರೂ ಅದನ್ನು ಪರೀಕ್ಷಿಸಲು ಹೋಗಲಿಲ್ಲ. ಕೊನೆಗೆ ಪರೀಕ್ಷಿಸಿದವರು ಕ್ರೀಡಾವಿಜ್ಞಾನಿಗಳು. ಕೋರ್ಫ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸವಾರರಿಗೆ ಬೇರೆ ಬೇರೆ ಬಗೆಯಲ್ಲಿ ತುಳಿಯಲು ಹೇಳಿದರು: ತಮ್ಮ ರೂಢಿಯಂತೆ, ಗುಂಡಗೆ, ಒತ್ತಿ ತುಳಿದು, ಮೇಲಕ್ಕೆಳೆದು. ಮೇಲಕ್ಕೆಳೆದಾಗ ಪೆಡಲಿನ ಮೇಲೆ ಬೀಳುವ ಬಲ ಹೆಚ್ಚು ಸರಿಯಾದ ದಿಕ್ಕಿಗೆ ಹೋಯಿತು, ನಿಜ. ಆದರೆ ಅಷ್ಟೇ ಕೆಲಸಕ್ಕೆ ದೇಹ ಸುಡುವ ಶಕ್ತಿ ಹೆಚ್ಚಾಯಿತು. ಮರುವರ್ಷ ಮೋರ್ನಿಯೋ ಮತ್ತು ಸಂಗಡಿಗರು ಪೆಡಲಿನ ಬಗೆಯನ್ನೇ ಬದಲಿಸಿ ಅಳೆದರು. ಸಾಧಾರಣ ಶ್ರಮದ ಸವಾರಿಯಲ್ಲಿ ಪೆಡಲ್ ಯಾವುದಾದರೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಬೇಕೆಂದೇ ಮೇಲಕ್ಕೆಳೆದಾಗ ಇಲ್ಲಿಯೂ ದಕ್ಷತೆ ಕುಸಿಯಿತು. ಕಾರಣ ದೇಹದಲ್ಲೇ ಇದೆ. ತೊಡೆ, ಪೃಷ್ಠದ ಸ್ನಾಯುಗಳು ನೆಲವನ್ನು ಹಿಂದಕ್ಕೊತ್ತಲು ಬೆಳೆದವು. ಕಾಲನ್ನು ಮೇಲೆತ್ತುವ ಸ್ನಾಯುಗಳು ಅವುಗಳ ಮುಂದೆ ಬಡವು.

ಹಾಗೆಂದು ಕ್ಲಿಪ್‌ಲೆಸ್ಸಿನಿಂದ ಲಾಭವೇ ಇಲ್ಲವೆಂದಲ್ಲ. ಎದ್ದು ನಿಂತು ಪೂರ್ಣ ಬಲ ಹಾಕುವ ಕೆಲವೇ ಸೆಕೆಂಡುಗಳಲ್ಲಿ, ಕಡಿದಾದ ಏರಿನ ಕೊನೆಯ ಹೆಜ್ಜೆಗಳಲ್ಲಿ ಎಳೆತ ನೆರವಿಗೆ ಬರುತ್ತದೆ. ಅದಕ್ಕಿಂತ ದೊಡ್ಡ ಲಾಭ, ಬೇರು ಬಂಡೆಗಳ ಮೇಲೆ ಸೈಕಲ್ ಕುಣಿಯುವಾಗ ಪಾದ ಇದ್ದಲ್ಲೇ ಇರುತ್ತದೆ. ಪ್ರತಿ ಸಲವೂ ಒಂದೇ ಜಾಗ, ಒಂದೇ ಕೋನ. ದಣಿದ ಕಾಲಿಗೆ ಇದು ವರ. ಈ ಸರಳ ಲಾಭವನ್ನು ಹೇಳುವ ಬದಲು ಇಮ್ಮಡಿ ಬಲದ ಕಥೆ ಹೇಳಿದ್ದು ಉದ್ಯಮದ ತಪ್ಪು. ಅದರಿಂದಾಗಿ ಎಷ್ಟೋ ಹೊಸಬರು ಮೊದಲ ತಿಂಗಳಲ್ಲೇ ಕ್ಲೀಟ್ ಕಟ್ಟಿಕೊಂಡು ಸಿಗ್ನಲ್ಲಿನಲ್ಲಿ ನಿಂತ ನಿಲುವಿನಲ್ಲೇ ಪಕ್ಕಕ್ಕೆ ಉರುಳಿದರು.

ಇನ್ನು ಫ್ಲ್ಯಾಟ್ ಪೆಡಲಿನ ಮರಳುವಿಕೆ. ಇದರ ಕಥೆ ಹೇಳುವಾಗ ಆಸ್ಟ್ರೇಲಿಯಾದ ಸ್ಯಾಮ್ ಹಿಲ್ ಹೆಸರು ಬಿಡಲಾಗದು. ಡೌನ್‌ಹಿಲ್ ಓಟದ ಪ್ರಮುಖರಲ್ಲಿ ಹೆಚ್ಚಿನವರು ಕ್ಲೀಟ್ ಕಡೆ ವಾಲಿದ್ದ ಕಾಲದಲ್ಲಿ ಇವರು ಫ್ಲ್ಯಾಟ್ ಪೆಡಲಿನ ಮೇಲೆ 2006, 2007, 2010ರಲ್ಲಿ ವಿಶ್ವ ಚಾಂಪಿಯನ್ ಆದರು. ಗೆಲುವಿಗಿಂತಲೂ ಜನ ಇಂದಿಗೂ ನೆನೆಯುವುದು ಅವರು ಗೆಲ್ಲದ ಎರಡು ಓಟಗಳನ್ನು. 2007ರಲ್ಲಿ ಸ್ವಿಟ್ಜರ್ಲೆಂಡಿನ ಶಾಂಪೇರಿಯಲ್ಲಿ ಮಳೆ ಸುರಿದು, ಕೊನೆಗೆ ಇಳಿಯಬೇಕಾದ ವೇಗಿಗಳೆಲ್ಲ ಕೆಸರಿನಲ್ಲಿ ಜಾರುತ್ತಿದ್ದಾಗ ಅದೇ ಕೆಸರಿನಲ್ಲಿ ಇಳಿದು ಮೂರನೆಯವರಾದರು. ಮರುವರ್ಷ ಇಟಲಿಯ ವಾಲ್ ದಿ ಸೋಲೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಲ್ಲರಿಗಿಂತ ಮುಂದಿದ್ದು, ಗುರಿಯ ಹತ್ತಿರದ ತಿರುವಿನಲ್ಲಿ ಜಾರಿ ಬಿದ್ದರೂ ಎದ್ದು ಬಂದು ಕಂಚು ಗೆದ್ದರು. ಫ್ಲ್ಯಾಟ್ ಪೆಡಲ್ ಕೆಳಮಟ್ಟದ ಸವಾರರ ಪಾಡು ಎಂಬ ಮಾತು ಅಲ್ಲಿಗೆ ಸತ್ತಿತು. ಆಮೇಲೆ 2017ರಿಂದ 2019ರವರೆಗೆ ಸತತ ಮೂರು ವರ್ಷ ಎಂಡ್ಯೂರೊ ವರ್ಲ್ಡ್ ಸೀರೀಸ್ ಗೆದ್ದದ್ದು ಇನ್ನೂ ಬಿಗಿಯಾದ ಉತ್ತರ. ಎಂಡ್ಯೂರೊದಲ್ಲಿ ಬರೀ ಇಳಿಯುವುದಲ್ಲ, ಒಂದು ಇಳಿತದಿಂದ ಇನ್ನೊಂದಕ್ಕೆ ತುಳಿದುಕೊಂಡೇ ಹತ್ತಬೇಕು.

ಹಿಲ್ ಅವರ ಕಾಲಿನಲ್ಲಿ ಏನಿತ್ತು ಎಂಬುದೇ ಇಲ್ಲಿ ಮುಖ್ಯ. ಬಂಡೆ ಏರುವ ಹವ್ಯಾಸಿ ಚಾರ್ಲ್ಸ್ ಕೋಲ್ 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಫೈವ್ ಟೆನ್ ಕಂಪನಿಯ ಶೂ. ನುಣುಪು ಕಲ್ಲಿಗೂ ಅಂಟಿ ನಿಲ್ಲಲೆಂದು ಅವರು ಮಾಡಿದ ಮೆದು ರಬ್ಬರು ಸೈಕಲ್ ಶೂವಿನ ಅಡಿಗೆ ಬಂದಾಗ, ಪೆಡಲಿನ ಪಿನ್ನುಗಳು ಅದರೊಳಗೆ ಇಳಿದು ಕೂತವು. ಉಪ್ಪಿಟ್ಟು ತಳ ಹಿಡಿದಂತೆ ಹಿಡಿತ: ಬಿಡಿಸಬೇಕೆಂದರೆ ಕಾಲನ್ನು ಎತ್ತಿಯೇ ಬಿಡಿಸಬೇಕು, ಎಳೆದು ಸರಿಸಲಾಗದು. ಇದಿಲ್ಲದೆ ಎಂಥ ದುಬಾರಿ ಫ್ಲ್ಯಾಟ್ ಪೆಡಲ್ ಹಾಕಿದರೂ ಅರ್ಧ ಪ್ರಯೋಜನ. ದಪ್ಪ ಗಾಳಿತುಂಬಿದಂತಿರುವ ಓಟದ ಶೂ ತೊಟ್ಟು ಫ್ಲ್ಯಾಟ್ ಜಾರುತ್ತದೆಂದು ದೂರುವವರು ಪೆಡಲನ್ನಲ್ಲ, ತಮ್ಮ ಶೂವನ್ನೇ ದೂರುತ್ತಿದ್ದಾರೆ. 2011ರಲ್ಲಿ ಅಡಿಡಾಸ್ ಈ ಕಂಪನಿಯನ್ನು ಕೊಂಡುಕೊಂಡಿತು. ಈಗ ಇಂಥ ರಬ್ಬರು ಹಲವು ಕಂಪನಿಗಳಲ್ಲಿದೆ.

ಇಷ್ಟಾದರೂ ಲೆಕ್ಕ ಪ್ರಾಮಾಣಿಕವಾಗಿರಬೇಕು. ಇಂದಿನ ಡೌನ್‌ಹಿಲ್ ವಿಶ್ವಕಪ್ಪಿನಲ್ಲಿ ಹೆಚ್ಚಿನವರು ಕ್ಲಿಪ್‌ಲೆಸ್ಸಿನಲ್ಲೇ ಇದ್ದಾರೆ. ಸ್ಯಾಮ್ ಹಿಲ್ ಗೆದ್ದ ಮಾತ್ರಕ್ಕೆ ಫ್ಲ್ಯಾಟೇ ಹೆಚ್ಚು ವೇಗವೆಂದಲ್ಲ. ಗೆಲ್ಲಲು ಅದು ಅಡ್ಡಿಯಾಗಲಿಲ್ಲ ಎಂಬಷ್ಟನ್ನೇ ಅವರ ಪದಕಗಳು ಹೇಳುತ್ತವೆ.

ಕಲಿಕೆಯ ವಿಚಾರದಲ್ಲಿ ಮಾತ್ರ ನಮ್ಮ ಪಕ್ಷಪಾತ ಮುಚ್ಚಿಡುವುದಿಲ್ಲ. ಕ್ಲೀಟ್ ಕಚ್ಚಿರುವ ಕಾಲು ಸೈಕಲ್ಲನ್ನು ನೇರವಾಗಿ ಮೇಲಕ್ಕೆ ಎಳೆದುಬಿಡಬಲ್ಲದು. ಹಾಗೆ ಎಳೆದು ಮರದ ದಿಮ್ಮಿ ದಾಟಿದವನು ಬನ್ನಿ ಹಾಪ್, ಅಂದರೆ ಸೈಕಲ್ ಸಮೇತ ನೆಗೆಯುವುದನ್ನು, ಕಲಿತೆನೆಂದುಕೊಳ್ಳುತ್ತಾನೆ. ಫ್ಲ್ಯಾಟ್ ಪೆಡಲಿನಲ್ಲಿ ಆ ಮೋಸ ನಡೆಯದು. ಮೊದಲು ಮೈ ಕುಗ್ಗಿಸಿ, ಮುಂಗಾಲಿ ಎತ್ತಿ, ಆಮೇಲೆ ಪಾದದ ತುದಿಯನ್ನು ಕೆಳಕ್ಕೆ ಬಾಗಿಸಿ ಪೆಡಲನ್ನು ಹಿಂದಕ್ಕೆ ತಳ್ಳಿಯೇ ಹಿಂಗಾಲಿ ಎತ್ತಬೇಕು. ಇಳಿತದಲ್ಲಿ ಹಿಮ್ಮಡಿ ಇಳಿಸಿ ಭಾರ ಪಾದಕ್ಕೆ ಕೊಡದಿದ್ದರೆ ಫ್ಲ್ಯಾಟ್ ಕ್ಷಮಿಸುವುದಿಲ್ಲ. ಪಿನ್ನುಗಳು ಮೊಣಕಾಲಿನ ಕೆಳಗೆ ಗೀರು ಹಾಕಿ ಪಾಠ ಬರೆಯುತ್ತವೆ. ಅಲ್ಲಿ ಗೀರಿಲ್ಲದ ಫ್ಲ್ಯಾಟ್ ಸವಾರ ಹೊಸಬನಿರಬೇಕು, ಇಲ್ಲವೇ ಪ್ಯಾಡ್ ತೊಟ್ಟ ಬುದ್ಧಿವಂತ.

ಬೆಂಗಳೂರಿನ ಹೊರವಲಯದ ಬಂಡೆಗಳಲ್ಲೋ ಅವಲಹಳ್ಳಿ ಕಾಡಿನ ಟ್ರೇಲುಗಳಲ್ಲೋ ಶುರು ಮಾಡುವವರಿಗೆ ನಮ್ಮ ತೀರ್ಪು ಸ್ಪಷ್ಟ: ಮೊದಲ ವರ್ಷ ಫ್ಲ್ಯಾಟ್. ಖರ್ಚು ಮಾಡುವುದಾದರೆ ಮೆದು ರಬ್ಬರಿನ, ಅಡಿ ಚಪ್ಪಟೆಯಾದ ಶೂವಿಗೆ ಮೊದಲು, ಲೋಹದ ಪಿನ್ನಿರುವ ಪೆಡಲಿಗೆ ಆಮೇಲೆ. ಉದ್ದನೆಯ ಕ್ರಾಸ್ ಕಂಟ್ರಿ ಸವಾರಿಯ ರುಚಿ ಹತ್ತಿದ ಮೇಲೆ ಕ್ಲಿಪ್‌ಲೆಸ್‌ಗೆ ಹೋಗುವುದು ಸರಿ. ಹೋಗುವಾಗ ಶಿಮಾನೊದ ಎಸ್‌ಎಚ್56 ಕ್ಲೀಟ್ ಕೇಳಿ ತನ್ನಿ. ಸಾಮಾನ್ಯವಾಗಿ ಪೆಡಲ್ ಜೊತೆ ಬರುವ ಎಸ್‌ಎಚ್51 ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರಷ್ಟೇ ಬಿಡುತ್ತದೆ. ಎಸ್‌ಎಚ್56 ಗಾಬರಿಯಲ್ಲಿ ಮೇಲಕ್ಕೆಳೆದರೂ ಬಿಡುತ್ತದೆ. ಸ್ಪ್ರಿಂಗಿನ ಬಿಗಿ ಅತಿ ಕಡಿಮೆಯಲ್ಲಿರಲಿ. ಕ್ಲೀಟನ್ನು ಕಾಲ್ಬೆರಳ ಬುಡದಿಂದ ಸ್ವಲ್ಪ ಹಿಂದಕ್ಕೆ ಕೂರಿಸಿ. ಮೊಣಕಾಲು ನೋಯತೊಡಗಿದರೆ ಸಹಿಸಬೇಡಿ, ಕ್ಲೀಟಿನ ಕೋನ ಬದಲಿಸಿ. ಎಡ ಪೆಡಲಿನ ತಿರುಪು ಉಲ್ಟಾ ಎಂಬುದನ್ನು ಸ್ಪ್ಯಾನರ್ ಹಿಡಿಯುವ ಮುನ್ನ ನೆನೆಯಿರಿ.

ಅಂಗಡಿಯವರಿಗೂ ಒಂದು ಕೋರಿಕೆ. ಮೊದಲ ಬೈಕ್ ಕೊಳ್ಳಲು ಬಂದವರಿಗೆ ಇಮ್ಮಡಿ ಬಲದ ಹಳೆಯ ಮಾತು ಹೇಳಿ ಕ್ಲೀಟ್ ಮಾರಬೇಡಿ. ಅವರು ಯಾವ ಶೂ ತೊಟ್ಟು ತುಳಿಯಲಿದ್ದಾರೆಂದು ಕೇಳಿ, ಪೆಡಲ್ ಪೆಟ್ಟಿಗೆ ಆಮೇಲೆ ತೆರೆಯಿರಿ.