ಶಾಂತ ತಾಣಗಳಲ್ಲಿ ಮೊಬೈಲ್ ಸದ್ದಡಗಿಸುವ ವ್ಯವಸ್ಥೆ ಕೋರಿ ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು
(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಹಶೀಲ್ದಾರರ ಮೂಲಕ)

ಇವರಿಂದ,
ಮೂರೂ ತಾಲೂಕುಗಳ ಗ್ರಂಥಾಲಯ ಓದುಗರು, ರೋಗಿಗಳ ಮನೆಯವರು, ತಾಳಮದ್ದಳೆ ಕೇಳುಗರು ಹಾಗೂ ವಿದ್ಯಾರ್ಥಿಗಳು

ವಿಷಯ: ಆಸ್ಪತ್ರೆ, ಗ್ರಂಥಾಲಯ, ಆರಾಧನಾ ಸ್ಥಳ ಮತ್ತು ಸಭಾಭವನಗಳಲ್ಲಿ ಮೊಬೈಲ್ ಸದ್ದು ತಗ್ಗಿಸುವ ಬಗ್ಗೆ

ಮಾನ್ಯರೇ,

'ಮೊಬೈಲ್ ನಿಷೇಧಿಸಲಾಗಿದೆ' ಎಂಬ ಫಲಕಕ್ಕೆ ನಮ್ಮೂರುಗಳಲ್ಲಿ ಬರವಿಲ್ಲ. ಫಲಕದ ಬುಡದಲ್ಲೇ ಫೋನು ಹಾಡುವುದೂ ನಿಂತಿಲ್ಲ. ಜನ ಬೇಕೆಂದೇ ಹೀಗೆ ಮಾಡುತ್ತಾರೆಂದು ನಾವು ನಂಬುವುದಿಲ್ಲ. ಫೋನು ಆರಿಸುವ ಸ್ಥಿತಿಯಲ್ಲಿ ಇಲ್ಲದವರಿಗೆ ಆರಿಸಿ ಎನ್ನುತ್ತಿದ್ದೇವೆ. ಸದ್ದಡಗಿಸಲು ಗೊತ್ತಿಲ್ಲದವರಿಗೆ ಅದನ್ನು ಹೇಗೆ ಮಾಡುವುದೆಂದು ಯಾರೂ ತೋರಿಸಿಕೊಡುತ್ತಿಲ್ಲ. ಈ ಎರಡು ಕೊರತೆ ನೀಗಿಸಬೇಕೆಂದು ಕೇಳಲು ತಮ್ಮ ಮುಂದೆ ಬಂದಿದ್ದೇವೆ.

ಆರಿಸಲು ಯಾಕೆ ಆಗುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. ಇಲ್ಲಿನ ಎಷ್ಟೋ ಮನೆಗಳ ಮಕ್ಕಳು ಗಲ್ಫ್‌ನಲ್ಲಿ, ಮುಂಬೈಯಲ್ಲಿ, ಬೆಂಗಳೂರಿನಲ್ಲಿದ್ದಾರೆ. ಒಬ್ಬರು ಆಸ್ಪತ್ರೆಯಲ್ಲಿದ್ದರೆ ಮನೆಯವರೆಲ್ಲ ಒಂದು ಕರೆಗಾಗಿ ಕಾಯುತ್ತಾರೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಭಾಗ ನೆರೆ ಮತ್ತು ಗುಡ್ಡ ಕುಸಿತಕ್ಕೆ ಸಿಕ್ಕಿದ್ದನ್ನು ಕಂಡವರು ಮಳೆಗಾಲದಲ್ಲಿ ಫೋನು ಆರಿಸಿ ಕೂರಲಾರರು. ಆದ್ದರಿಂದ ನಮಗೆ ಬೇಕಿರುವುದು ನಿಷೇಧವಲ್ಲ. ಸಿಗ್ನಲ್ ಕಡಿಯುವ ಜಾಮರ್ ಅಂತೂ ಬೇಡವೇ ಬೇಡ. ಕೇಂದ್ರ ಸರಕಾರದ ಅನುಮತಿಯಿಲ್ಲದೆ ಅದನ್ನು ಬಳಸುವುದು ಕಾನೂನುಬಾಹಿರ ಕೂಡ.

ಸದ್ದಿನಿಂದ ಆಗುವ ನಷ್ಟ ಎಂಥದ್ದೆಂದು ತಿಳಿಯಲು ತಾಳಮದ್ದಳೆಯ ಒಂದು ಕೂಟದಲ್ಲಿ ಕುಳಿತರೆ ಸಾಕು. ಯಕ್ಷಗಾನ ಬಯಲಾಟದಲ್ಲಿ ಚೆಂಡೆಯ ಅಬ್ಬರವಿದೆ, ವೇಷವಿದೆ, ಕುಣಿತವಿದೆ. ಒಂದು ರಿಂಗ್ ಅದರಲ್ಲಿ ಮುಳುಗಿಹೋದೀತು. ವೇಷ, ಕುಣಿತಗಳಿಲ್ಲದ ತಾಳಮದ್ದಳೆಯಲ್ಲಿ ಮಾತೇ ಮುಖ್ಯ. ಹಾಡುವ ಭಾಗವತರು ಪದ ಮುಗಿಸಿದ ಮೇಲೆ ಪಾತ್ರದ ಮಾತಾಡುವ ಅರ್ಥಧಾರಿ ಬಾಯಿಪಾಠ ಒಪ್ಪಿಸುವುದಿಲ್ಲ, ಎದುರಾಳಿಯ ಮಾತಿಗೆ ತಕ್ಕ ಉತ್ತರವನ್ನು ಅಲ್ಲೇ ಕಟ್ಟುತ್ತಾರೆ. ಕರ್ಣ ಕುಂತಿಗೆ ಏನು ಹೇಳುತ್ತಾನೆ ಎಂದು ಸಭೆ ಉಸಿರು ಬಿಗಿಹಿಡಿದು ಕಾಯುವ ಹೊತ್ತಿಗೆ ಎರಡನೇ ಸಾಲಿನಿಂದ ಸಿನಿಮಾ ಹಾಡು ಎದ್ದರೆ ಅರ್ಥಧಾರಿಯ ಮನಸ್ಸಿನಲ್ಲಿ ಮೂಡುತ್ತಿದ್ದ ವಾಕ್ಯ ಅಲ್ಲಿಗೇ ಹೋಯಿತು. ಬರೆದಿಟ್ಟ ಮಾತಲ್ಲವಾದ್ದರಿಂದ ಅದು ಮತ್ತೆ ಸಿಗುವುದಿಲ್ಲ. ಧ್ವನಿಮುದ್ರಣ ನಡೆಯುತ್ತಿದ್ದರೆ ಆ ಹಾಡು ಅದರಲ್ಲೂ ಉಳಿಯುತ್ತದೆ. ಫೋನಿನ ಒಡೆಯರು, ಹೆಚ್ಚಾಗಿ ಹಿರಿಯರೊಬ್ಬರು, ಕೈ ನಡುಗಿಸುತ್ತಾ ಕೆಂಪು ಗುಂಡಿ ಹುಡುಕುತ್ತಿರುತ್ತಾರೆ. ಬದಿಯ ವಾಲ್ಯೂಮ್ ಗುಂಡಿಯನ್ನು ಒಮ್ಮೆ ಒತ್ತಿದರೆ ಹೆಚ್ಚಿನ ಫೋನುಗಳಲ್ಲಿ ರಿಂಗ್ ಆ ಕ್ಷಣವೇ ನಿಲ್ಲುತ್ತದೆ ಎಂದು ಅವರಿಗೆ ಯಾರಾದರೂ ಹೇಳಿಕೊಡಬೇಕಿತ್ತು.

ಆಸ್ಪತ್ರೆಯ ವಾರ್ಡುಗಳ ತೊಂದರೆ ಬೇರೆ ಬಗೆಯದು. ಅಲ್ಲಿ ರಿಂಗ್‌ಗಿಂತ ಹೆಚ್ಚು ಕಾಡುವುದು ಸ್ಪೀಕರಿನಲ್ಲಿ ಓಡುವ ರೀಲ್ಸ್ ಮತ್ತು ವಿಡಿಯೋ ಕರೆ. ಫೋನನ್ನು ಸೈಲೆಂಟ್‌ಗೆ ಹಾಕಿದರೂ ವಿಡಿಯೋದ ಸದ್ದು ಬೇರೆಯೇ ಇರುತ್ತದೆ, ಅಲಾರಾಂ ಕೂಡ ಕೂಗುತ್ತದೆ. 'ಸೈಲೆಂಟ್ ಮಾಡಿ' ಎಂದಷ್ಟೇ ಬರೆದ ಫಲಕ ಅಲ್ಲಿ ಅರ್ಧ ಕೆಲಸವನ್ನೂ ಮಾಡದು.

ಸರಕಾರಕ್ಕೆ ಈ ವಿಷಯ ಹೊಸದಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲಾ ಕಾಲೇಜು, ನ್ಯಾಯಾಲಯಗಳ ಸುತ್ತಲಿನ ಕನಿಷ್ಠ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶ ಕೊಟ್ಟು, ಅಂಥ ವಲಯಕ್ಕೆ ಹಗಲು 50, ರಾತ್ರಿ 40 ಡೆಸಿಬೆಲ್ ಮಿತಿ ಇಟ್ಟಿವೆ. ಆದರೆ ಹೊರಗಿನ ಹಾರ್ನ್ ತಡೆಯುವ ಈ ಕಾನೂನು ಒಳಗಿನ ಮಂಚದ ಪಕ್ಕದ ಫೋನನ್ನು ಮುಟ್ಟುತ್ತಿಲ್ಲ. 2023ರ ಜುಲೈಯಲ್ಲಿ ರಾಜ್ಯದ ಧಾರ್ಮಿಕ ದತ್ತಿ ಇಲಾಖೆ ತನ್ನ ಅಧೀನದ ದೇವಸ್ಥಾನಗಳಲ್ಲಿ ಮೊಬೈಲ್ ಬಳಕೆ ನಿಷೇಧಿಸಿತು. ಬಸದಿ, ಇಗರ್ಜಿ, ಮಸೀದಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಲ್ಲುಗಳ ನಡುವೆ ಸಣ್ಣ ಸದ್ದೂ ಎಷ್ಟು ದೊಡ್ಡದಾಗಿ ಕೇಳುತ್ತದೆಂದು ಹೋದವರಿಗೆ ಗೊತ್ತು. ನಮಗೆ ಹೆಚ್ಚು ಹಿಡಿಸಿದ್ದು 2021ರ ನವೆಂಬರಿನ ಕ್ರಮ. ಕರ್ನಾಟಕ ಹೈಕೋರ್ಟ್ ಸರಕಾರಿ ಬಸ್ಸುಗಳಲ್ಲಿ ಮೊಬೈಲಿನಿಂದ ಜೋರಾಗಿ ಹಾಡು, ವಿಡಿಯೋ ಹಾಕುವುದನ್ನು ತಡೆದಾಗ, ಪ್ರಯಾಣಿಕರಿಗೆ ತಿಳಿಹೇಳುವ ಹೊಣೆ ಬಸ್ಸಿನ ಸಿಬ್ಬಂದಿಯ ಮೇಲೆ ಬಿತ್ತು. ಹೇಳುವವರು ಯಾರೆಂದು ಗೊತ್ತಾದಲ್ಲಿ ಜಗಳ ಕಡಿಮೆ.

ಆದ್ದರಿಂದ ನಾವು ಕೇಳುವುದಿಷ್ಟು. ಈ ತಾಣಗಳ ಬಾಗಿಲಲ್ಲಿ, ಒಳಗಲ್ಲ, ಚಿತ್ರಸಹಿತ ಫಲಕ ಹಾಕಿಸಿ: ವಾಲ್ಯೂಮ್ ಗುಂಡಿ ಎಲ್ಲಿದೆ, ವಿಡಿಯೋ ಸದ್ದು ಮತ್ತು ಅಲಾರಾಂ ತಗ್ಗಿಸುವುದು ಹೇಗೆ, ಬಟನ್ ಫೋನಿನಲ್ಲಿ ಏನು ಮಾಡಬೇಕು. 'ಡು ನಾಟ್ ಡಿಸ್ಟರ್ಬ್' ಇಟ್ಟೂ ಮನೆಯ ಒಂದೆರಡು ನಂಬರುಗಳ ಕರೆ ಮಾತ್ರ ಒಳಬರುವಂತೆ, ಅದೂ ವೈಬ್ರೇಟ್‌ನಲ್ಲಿ, ಇಡಬಹುದೆಂಬುದನ್ನು ಅದರಲ್ಲಿ ತಪ್ಪದೆ ಬರೆಸಿ. ಈ ಒಂದು ಸಂಗತಿ ತಿಳಿದರೆ ಹೆದರಿಕೆಯಿಂದ ರಿಂಗ್ ತೆರೆದಿಡುವ ಬಹಳ ಮಂದಿ ನಿಶ್ಚಿಂತೆಯಿಂದ ಸೈಲೆಂಟ್ ಮಾಡುತ್ತಾರೆ. ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ಹಿರಿಯರ ಫೋನನ್ನು ಕೈಯಲ್ಲಿ ಹಿಡಿಸಿಯೇ ಕಲಿಸಲಿ.

ಸರಕಾರಿ ಆಸ್ಪತ್ರೆಗಳಲ್ಲಿ ರಾತ್ರಿ ಒಂಬತ್ತರ ನಂತರ ಇಯರ್‌ಫೋನ್ ಇಲ್ಲದೆ ವಿಡಿಯೋ ನೋಡದಂತೆ ಲಿಖಿತ ಸೂಚನೆ ಬೇಕು. ಅದನ್ನು ಹೇಳುವ ಹೊಣೆಯನ್ನು ಭದ್ರತಾ ಸಿಬ್ಬಂದಿಗೆ ವಹಿಸಿ. ನರ್ಸುಗಳ ಮೇಲೆ ಇನ್ನೊಂದು ಭಾರ ಬೇಡ. ಕರೆ ಮಾಡುವವರಿಗೆ ವಾರ್ಡಿನ ಹೊರಗೆ ಒಂದು ಬೆಂಚು, ಮಳೆ ತಾಗದ ಮಾಡು ಒದಗಿಸಬೇಕು. ಜಾಗ ಕೊಡದೆ ಹೊರಗೆ ಹೋಗಿ ಎನ್ನುವುದು ನ್ಯಾಯವಲ್ಲ. ಕಾರ್ಯಕ್ರಮಗಳ ಧ್ವನಿವರ್ಧಕಕ್ಕೆ ಅನುಮತಿ ಕೊಡುವಾಗ, ಆರಂಭದಲ್ಲಿ ಫೋನು ಸೈಲೆಂಟ್ ಮಾಡಲು ಹೇಳಿ ಒಂದು ನಿಮಿಷ ಕಾಯಬೇಕೆಂಬ ಸಾಲನ್ನು ಸೇರಿಸಿ. ಈಗ ನಿರೂಪಕರು ಹೇಳಿದ ಮರುಕ್ಷಣವೇ ಪ್ರಾರ್ಥನೆ ಶುರುವಾಗುತ್ತದೆ, ಜನ ಕಿಸೆಗೆ ಕೈ ಹಾಕಲೂ ಹೊತ್ತಿರುವುದಿಲ್ಲ. ಆರಾಧನಾ ಸ್ಥಳಗಳ ಸೇವಾ ಕೌಂಟರುಗಳಲ್ಲಿ ಯುಪಿಐ ಹಣ ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆಯ ದನಿ ತಗ್ಗಿಸಲೂ ಸೂಚಿಸಬೇಕು.

ದಂಡ ವಿಧಿಸಬೇಕೆಂದು ನಾವು ಕೇಳುತ್ತಿಲ್ಲ. ಬರುವ ಮಳೆಗಾಲದ ತಾಳಮದ್ದಳೆ ಕೂಟಗಳು ಆರಂಭವಾಗುವ ಮೊದಲು ಪ್ರತಿ ತಾಲೂಕಿನಲ್ಲಿ ಒಂದು ಆಸ್ಪತ್ರೆ, ಒಂದು ಗ್ರಂಥಾಲಯ, ಒಂದು ಸಭಾಭವನದಲ್ಲಿ ಇದನ್ನು ಜಾರಿಗೆ ತಂದು, ಮೂರು ತಿಂಗಳ ಬಳಿಕ ನಮ್ಮನ್ನೂ ಕರೆದು ಪರಿಶೀಲನಾ ಸಭೆ ನಡೆಸಬೇಕೆಂದು ವಿನಂತಿಸುತ್ತೇವೆ. ಫಲಕದ ಬರಹ ಸಿದ್ಧಪಡಿಸಲು, ಹಿರಿಯರಿಗೆ ಕಲಿಸಲು ನಮ್ಮಲ್ಲಿ ಅನೇಕರು ತಯಾರಿದ್ದೇವೆ.

ತಮ್ಮ ವಿಶ್ವಾಸಿಗಳು,
ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ನಾಗರಿಕರು