ನಕಲೆಂಬ ಅಪವಾದ

ವೆನಿಸ್ಸಿನ ಚಿತ್ರಕಾರ ಫ್ರಾಂಚೆಸ್ಕೊ ಗ್ವಾರ್ದಿ (1712-1793) ಬರಿಯ ನಕಲುಗಾರನೆನ್ನುವವರುಂಟು. ಅವರ ಆಧಾರವೇನೋ ಸುಳ್ಳಲ್ಲ. ಆ ಗಣರಾಜ್ಯದ ಉತ್ಸವಗಳನ್ನು ಕುರಿತ ಅವನ ಹನ್ನೆರಡು ಚಿತ್ರಗಳ ವಿನ್ಯಾಸ ಕಾನಾಲೆತ್ತೊನದು. ಬ್ರುಸ್ತೊಲೊನನ ಮುದ್ರಿತ ಫಲಕಗಳ ಮೂಲಕ ಬಂದುದು. ಆದರೆ ತೀರ್ಪು ಮಾತ್ರ ಅನ್ಯಾಯದ್ದು.

ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಒಂದೇ ಉತ್ಸವದ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿರಿ. ಕ್ರಿಸ್ತನ ಸ್ವರ್ಗಾರೋಹಣದ ದಿನ ರಾಜ್ಯಾಧಿಪತಿಯಾದ ದೋಜೆಯ ಹೊನ್ನಿನ ನಾವೆ ಬುಚಿಂತೋರೊ ಹೊರಡುವುದು ಒಂದರಲ್ಲಿ. ಲಿಡೊ ದ್ವೀಪದ ಸಂತ ನಿಕೊಲೊ ದೇವಾಲಯದ ಬಳಿ ಅದೇ ನಾವೆ ಇನ್ನೊಂದರಲ್ಲಿ. ಅಂದು ದೋಜೆ ಉಂಗುರವನ್ನೆಸೆದು ಕಡಲನ್ನು ವರಿಸುತ್ತಿದ್ದನು. ಧರ್ಮವಿಧಿಯೂ ಅದೇ, ರಾಜ್ಯಾಧಿಕಾರದ ಘೋಷಣೆಯೂ ಅದೇ. ಫಲಕದ ಗೆರೆ ಆ ವೈಭವವನ್ನು ಲೆಕ್ಕವಿಟ್ಟಿತು. ಗ್ವಾರ್ದಿಯ ಕುಂಚ ಅದಕ್ಕೆ ಗಾಳಿ, ಬೆಳಕು, ನೀರಿನ ನಡುಕಗಳನ್ನು ಕೊಟ್ಟಿತು. 1797ರಲ್ಲಿ ಗಣರಾಜ್ಯವೇ ಅಳಿಯಿತು. ಆ ನಡುಕ ಇಂದಿಗೂ ಉಳಿದಿದೆ.

ವ್ಯಾಸನ ಕಥೆಯನ್ನು ಕೊಂಡ ಪಂಪನನ್ನು, ಕುಮಾರವ್ಯಾಸನನ್ನು ನಾವು ನಕಲುಗಾರರೆನ್ನುವೆವೆ? ಉಪಾಧ್ಯಾಯ ಮಿತ್ರರೇ, ವಿದ್ಯಾರ್ಥಿಯ ಚಿತ್ರವನ್ನಾಗಲಿ ಬರಹವನ್ನಾಗಲಿ ಕಂಡಾಗ 'ಎಲ್ಲಿಂದ ತಂದೆ?' ಎಂದು ಗದರಿಸಿ ನಿಲ್ಲಿಸಬೇಡಿರಿ. 'ತಂದುದನ್ನು ಏನು ಮಾಡಿದೆ?' ಎಂದೂ ಕೇಳಿರಿ.